ನನ್ನ ತಂಗಿ ಬಾಯಿಬಿಟ್ಟ ದಿನ

ನಮ್ಮಪ್ಪ ತಿಪಟೂರಿನ ಎಣ್ಣೆ ಗಿರಣಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಹುಮನಾಬಾದಿನ ಸೇಠರೊಬ್ಬರು ವರ್ಷಕ್ಕೊಮ್ಮೆ ಕೊಬ್ಬರಿ ಖರೀದಿಗೆ ಅಲ್ಲಿಗೆ ಬರುತ್ತಿದ್ದರು. ಕೆಟ್ಟು ನಿಂತ ಇಂಜಿನ್ನಿಗೆ ಅಪ್ಪ ಕಿವಿಯಿಟ್ಟು ಕೇಳಿ, ಎಲ್ಲೋ ಒಂದು ಕಡೆ ತಟ್ಟಿ, ಮತ್ತೆ ಓಡಿಸಿದ್ದನ್ನು ಒಂದು ಸಲ ಅವರು ನಿಂತು ನೋಡಿದರು. ತಮ್ಮ ಊರಲ್ಲಿ ಹೊಸದಾಗಿ ಗಿರಣಿ ಹಾಕುತ್ತಿದ್ದೇನೆ, ಹೆಂಡತಿ ಮಕ್ಕಳ ಸಮೇತ ಬಂದುಬಿಡಿ, ಇರಲು ಮನೆ ಕೊಡುತ್ತೇನೆ ಎಂದರು. ಅಪ್ಪ ಯೋಚನೆ ಮಾಡಿ ಹೇಳುತ್ತೇನೆ ಎಂದವರು ಅಂದೇ ಸಂಜೆ ಒಪ್ಪಿಕೊಂಡರು. ಹೊಸ ಇಂಜಿನ್ ಎಂದರೆ ಅವರಿಗೆ ಅಷ್ಟು ಆಸೆ.

ಇದು ಮೂವತ್ತರ ದಶಕದ ಕೊನೆಯ ಮಾತು. ಹುಮನಾಬಾದು ಆಗ ನಿಜಾಮರ ಸೀಮೆ. ಅಲ್ಲಿಯ ನಾಣ್ಯ ಬೇರೆ, ಅಂಚೆಯ ಚೀಟಿ ಬೇರೆ, ಕಚೇರಿಯ ಭಾಷೆ ಉರ್ದು. ನಾವು ಕಡಲು ದಾಟಿ ಹೋಗುತ್ತಿದ್ದೇವೇನೋ ಎಂಬಂತೆ ನಮ್ಮಜ್ಜಿ ಅತ್ತಳು. ಅಮ್ಮ ಅಳಲಿಲ್ಲ. ಆದರೆ ಅಲ್ಲಿ ರಾಗಿ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಒಂದು ಚೀಲ ರಾಗಿ ಹಿಟ್ಟು ಬೀಸಿಸಿ ಹೊಲಿಸಿದಳು. ರೈಲಿಳಿದ ಮೇಲೆ ಸುಂಕದವರು ಆ ಚೀಲ ಬಿಚ್ಚಿಸಿ, ಕಪ್ಪು ಹಿಟ್ಟನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಮೂವರು ಸೇರಿ ಚರ್ಚೆ ಮಾಡಿದರು. ಕೊನೆಗೆ ಅಮ್ಮ ಒಂದು ಚಿಟಿಕೆ ತನ್ನ ಬಾಯಿಗೇ ಹಾಕಿಕೊಂಡು ತೋರಿಸಿದ ಮೇಲೆ ನಗುತ್ತ ಬಿಟ್ಟುಕೊಟ್ಟರು. ಗುಲ್ಬರ್ಗಾದಿಂದ ಮೋಟಾರಿನಲ್ಲಿ ಹುಮನಾಬಾದು ಮುಟ್ಟುವಷ್ಟರಲ್ಲಿ ನಾವೆಲ್ಲ ಕೆಂಪು ಧೂಳಿನ ಗೊಂಬೆಗಳಾಗಿದ್ದೆವು.

ಊರು ಕೆಟ್ಟದ್ದಿರಲಿಲ್ಲ. ಗಿರಣಿಯ ಹಿಂದೆ ಕಲ್ಲಿನ ಗೋಡೆಯ, ಮಾಳಿಗೆಯ ಮನೆ ಕೊಟ್ಟಿದ್ದರು. ಬೇಸಿಗೆಯಲ್ಲೂ ಒಳಗೆ ತಂಪು. ಕಷ್ಟವಾದದ್ದು ಮಾತು. ಕನ್ನಡವೇ ಆಡುತ್ತಿದ್ದರೂ ಅವರದು ನಮಗೆ, ನಮ್ಮದು ಅವರಿಗೆ ಅರ್ಧ ಅರ್ಧ ತಿಳಿಯುತ್ತಿತ್ತು. ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಓಣಿಯಲ್ಲಿ ಒಬ್ಬ ಹೆಂಗಸು "ಮೆಂತೆ ಪಲ್ಯಾ, ರಾಜಗಿರಿ ಪಲ್ಯಾ" ಎಂದು ಕೂಗುತ್ತ ಬಂದಳು. ಈ ಊರಲ್ಲಿ ಮಾಡಿದ ಪಲ್ಯವನ್ನು ಬೀದಿಯಲ್ಲಿ ಮಾರುತ್ತಾರಲ್ಲ ಎಂದು ಅಮ್ಮನಿಗೆ ಆಶ್ಚರ್ಯ. ಹೇಗಿರುತ್ತದೋ ರುಚಿ ನೋಡೋಣ ಎಂದು ನನ್ನ ಕೈಗೆ ಹಿತ್ತಾಳೆ ಬೋಗುಣಿ ಕೊಟ್ಟು ಕಳಿಸಿದಳು. ಆ ಹೆಂಗಸು ಬೋಗುಣಿಯನ್ನೂ ನನ್ನನ್ನೂ ನೋಡಿ, ಬುಟ್ಟಿಯಿಂದ ಮಣ್ಣು ಮೆತ್ತಿದ ಬೇರಿನ ಸಮೇತ ಒಂದು ಕಟ್ಟು ಸೊಪ್ಪನ್ನು ಅದರಲ್ಲಿ ನಿಲ್ಲಿಸಿ ಕಳಿಸಿದಳು. ಅಪ್ಪ ಊಟಕ್ಕೆ ಬಂದಾಗ ವಿಷಯ ಕೇಳಿ, ಇಲ್ಲಿ ಸೊಪ್ಪಿಗೇ ಪಲ್ಯ ಎನ್ನುತ್ತಾರೆ ಎಂದು ನಕ್ಕರು. ಅಮ್ಮನಿಗೆ ಅವಮಾನವಾಗಿ, ಅಂದಿನಿಂದ ತಾನು ಹೊರಗೆ ಹೋಗಿ ಮಾತಾಡುವುದನ್ನೇ ಕಡಿಮೆ ಮಾಡಿದಳು. ಏನು ಬೇಕಾದರೂ ನನ್ನನ್ನು ಕಳಿಸುವಳು. ಆ ಊರಿನ ಮಾತನ್ನು ಅವಳು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಳು, ಬಾಯಲ್ಲಿ ಮಾತ್ರ ತರುತ್ತಿರಲಿಲ್ಲ.

ನನ್ನನ್ನು ಉರ್ದು ಶಾಲೆಗೆ ಹಾಕಿದರು. ಬೇರೆ ಶಾಲೆ ಇರಲಿಲ್ಲ. ಬಲದಿಂದ ಎಡಕ್ಕೆ ಬರೆಯುವುದು ನನಗೆ ಬೇಗ ಹತ್ತಿತು. ಎಷ್ಟು ಹತ್ತಿತೆಂದರೆ ಮನೆಯಲ್ಲಿ ಅಪ್ಪ ಕನ್ನಡ ಬರೆಸಲು ಕೂತರೆ ಅದನ್ನೂ ಬಲಗಡೆಯಿಂದ ಶುರುಮಾಡಿ ಬೈಸಿಕೊಳ್ಳುತ್ತಿದ್ದೆ.

ಎಲ್ಲರಿಗೂ ಚಿಂತೆಯಾದದ್ದು ತಂಗಿಯದು. ತಿಪಟೂರಿನಲ್ಲಿ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಿತ್ತು. ಹುಮನಾಬಾದಿಗೆ ಬಂದಾಗ ಅವಳಿಗೆ ನಾಲ್ಕು ತುಂಬಿತ್ತು. ಬಂದವಳೇ ಮೌನವಾದಳು. ಮನೆಯಲ್ಲಿ ಹಸಿವು, ನಿದ್ದೆ, ನೀರು ಎಂದು ಒಂದೆರಡು ಮಾತು ಆಡಿದರೆ ಹೆಚ್ಚು. ಹೊಸಿಲು ದಾಟಿದರೆ ಅದೂ ಇಲ್ಲ. ಯಾರು ಕರೆದರೂ ಸುಮ್ಮನೆ ನೋಡುವಳು. ಅಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಹರಕೆ ಹೊತ್ತಳು. ಒಂದು ವರ್ಷವಾಗುತ್ತ ಬಂದರೂ ಹಾಗೇ.

ನಮ್ಮ ಪಕ್ಕದ ಮನೆಯಲ್ಲಿ ಬಳೆ ತೊಡಿಸುವ ಮುಸಲ್ಮಾನರ ಅಜ್ಜಿ ಇದ್ದಳು. ಓಣಿಯವರೆಲ್ಲ ಅವಳನ್ನು ನಾನೀಮಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವಳ ಜಗಲಿಯಲ್ಲಿ ಸದಾ ನಾಲ್ಕು ಜನ ಹೆಂಗಸರು ಕೈಚಾಚಿ ಕೂತಿರುವರು. ಮುಸಲ್ಮಾನರ ಮನೆಯವರು ಬಂದರೆ ಅವರ ಮಾತಿನಲ್ಲಿ, ಲಿಂಗಾಯತರ ಮನೆಯವರು ಬಂದರೆ ಕನ್ನಡದಲ್ಲಿ, ಮರಾಠಿಯವರು ಬಂದರೆ ಮರಾಠಿಯಲ್ಲಿ ನಾನೀಮಾ ಅವರನ್ನು ಮಾತಲ್ಲಿ ಮರೆಸಿ, ನೋವು ಗೊತ್ತಾಗುವ ಮೊದಲೇ ಬಳೆ ಏರಿಸಿಬಿಡುತ್ತಿದ್ದಳು. ತಂಗಿ ಮಧ್ಯಾಹ್ನವೆಲ್ಲ ಅಲ್ಲೇ ಕೂತು ನೋಡುವಳು. ಹುಡುಗಿ ಬಂಗಾರದಂಥದು, ಬಾಯಿ ಮಾತ್ರ ದೇವರು ಹೊಲಿದು ಕಳಿಸಿದ್ದಾನೆ ಎಂದು ನಾನೀಮಾ ಮರುಗುತ್ತಿದ್ದಳು.

ಆ ಚಳಿಗಾಲದಲ್ಲಿ ಕಲ್ಯಾಣಿಯಿಂದ ಸೇಠರಿಗೆ ಸುದ್ದಿ ಬಂತು. ಈಗಿನ ಬಸವಕಲ್ಯಾಣ ಆಗ ಎಲ್ಲರ ಬಾಯಲ್ಲೂ ಕಲ್ಯಾಣಿಯೇ. ಅಲ್ಲಿ ಸೇಠರ ನೆಂಟರ ಹಿಟ್ಟಿನ ಗಿರಣಿ ನಿಂತುಹೋಗಿತ್ತು. ಅಪ್ಪನನ್ನು ಕಳಿಸಲು ಗಾಡಿ ಕಟ್ಟಿಸಿದರು. ಅಮ್ಮನೂ ಹೊರಟಳು. ಒಂದು ವರ್ಷದಿಂದ ಗಿರಣಿಯ ಗೋಡೆ ಬಿಟ್ಟು ಬೇರೇನೂ ನೋಡಿಲ್ಲ ಎಂದು ಅವಳು ಹೇಳಿದಾಗ ಅಪ್ಪನಿಗೆ ಇಲ್ಲವೆನ್ನಲಾಗಲಿಲ್ಲ. ಬೆಳಕು ಹರಿಯುವ ಮುಂಚೆ ಹೊರಟು, ರಾಜೇಶ್ವರದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ನಾವೂ ಬುತ್ತಿ ಬಿಚ್ಚಿ ಉಂಡೆವು. ಎರಡೂ ಕಡೆ ಜೋಳ ತೆನೆ ಕಟ್ಟಿತ್ತು. ಅಮ್ಮ ತವರಿಗೆ ಹೊರಟವಳ ಹಾಗೆ ಗೆಲುವಾಗಿದ್ದಳು.

ಕಲ್ಯಾಣಿ ಸೇರಿದ ಮೇಲೆ ಅಪ್ಪ ಗಿರಣಿಗೆ ಹೋದರು. ನಾವು ಮೂವರೂ ಕೋಟೆಯ ದಾರಿಯ ಬಜಾರಿಗೆ ಹೋದೆವು. ಅಮ್ಮ ಒಂದು ಪಾತ್ರೆ ಅಂಗಡಿಯ ಮುಂದೆ ನಿಂತು ಹಿತ್ತಾಳೆಯ ಕೊಡವೊಂದನ್ನು ಬಡಿದು, ಬಗ್ಗಿಸಿ, ಬಿಸಿಲಿಗೆ ಹಿಡಿದು ನೋಡತೊಡಗಿದಳು. ನಾನು ತಿದಿ ಒತ್ತುತ್ತಿದ್ದ ಕಲಾಯಿಯವನನ್ನು ನೋಡುತ್ತ ನಿಂತೆ. ತಿರುಗಿ ನೋಡಿದರೆ ತಂಗಿ ಇಲ್ಲ.

ಅಮ್ಮ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ನಾನೂ ಓಡಿದೆ. ಹೆಸರು ಹಿಡಿದು ಕೂಗಿದರೂ ಓಗೊಡುವ ಮಗುವಲ್ಲ ಎಂಬುದೇ ಇಬ್ಬರ ಎದೆಯಲ್ಲೂ ಇತ್ತು. ಬಟ್ಟೆಯ ಸಾಲು, ಬೆಲ್ಲದ ಸಾಲು ದಾಟಿ ಕೋಟೆ ಬಾಗಿಲ ತನಕ ಹೋಗಿ ಬಂದೆವು. ಅಮ್ಮನ ಸೆರಗು ಜಾರಿತ್ತು. ಅಷ್ಟರಲ್ಲಿ ಒಂದು ಬಳೆ ಅಂಗಡಿಯೊಳಗಿಂದ ಹೆಂಗಸರ ನಗು ಕೇಳಿತು. ನಗುವಿನ ನಡುವೆ ಒಂದು ಮಗುವಿನ ದನಿ.

ನಾವು ಇಣುಕಿದೆವು. ತಂಗಿ ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬಳೆಗಾರ ಒಬ್ಬ ಬುರ್ಖಾದ ಹೆಂಗಸಿಗೆ ಬಳೆ ತೊಡಿಸುತ್ತಿದ್ದ. ಇವಳು ಆ ಹೆಂಗಸಿನ ಮುಖ ನೋಡುತ್ತ, ಥೇಟ್ ನಾನೀಮಾನ ರಾಗದಲ್ಲಿ "ಹಾತ್ ಢೀಲಾ ಛೋಡೋ ಮಾ, ಡರೋ ನಕ್ಕೋ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ರೈತರ ಹೆಂಗಸಿನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದಳು: "ಕೈ ಸಡ್ಲ ಬಿಡ್ರಿ ಅವ್ವಾ, ಅಂಜಬ್ಯಾಡ್ರಿ." ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳು ಒಂದು ವರ್ಷದಿಂದ ಕಾದಿದ್ದ ದನಿ ಅದು.

ಒಳಗೆ ನುಗ್ಗಿ ಮಗುವನ್ನು ಎತ್ತಿಕೊಳ್ಳಲು ಹೋದಳು. ಬಳೆಗಾರ ಅಡ್ಡ ಕೈ ಇಟ್ಟ. ವಯಸ್ಸಾದ, ಮೆದು ಮಾತಿನ ಮನುಷ್ಯ.

"ಇವ್ಳು ನನ್ ಮಗ್ಳು ಕಣಪ್ಪ, ಬಿಡು" ಎಂದಳು ಅಮ್ಮ.

ಅವನು ಅಮ್ಮನನ್ನು ಮೇಲಿಂದ ಕೆಳಗೆ ನೋಡಿದ. "ಸಿಟ್ಟಾಗಬ್ಯಾಡ್ರಿ ತಾಯಿ. ಈ ಕೂಸು ನಮ್ಮ ಕಡಿ ಮಾತ ಆಡಾಕತ್ತದ. ನೀವು ನೋಡಿದ್ರ ಬ್ಯಾರೆ ಮುಲುಕಿನ ಮಾತ ಆಡಾಕತ್ತೀರಿ. ಹ್ಯಾಂಗ ಕೊಡ್ಲಿ ಹೇಳ್ರಿ?"

ನಾನು ಶಾಲೆಯಲ್ಲಿ ಉರ್ದು ಕಲಿತವನು, ಈಗ ಅದರಲ್ಲಿ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಬಂದದ್ದು ಅಪ್ಪಟ ತಿಪಟೂರಿನ ಕನ್ನಡ. ಅಲ್ಲಿದ್ದ ಹೆಂಗಸರ ಅನುಮಾನ ಇನ್ನಷ್ಟು ಹೆಚ್ಚಿತು. ಯಾರನ್ನಾದರೂ ಕರೆಸಿ ಎಂದು ಒಬ್ಬಳು ಹೇಳಿದಳು. ತಂಗಿ ಮಾತ್ರ ಈ ಗಲಾಟೆ ತನ್ನದಲ್ಲವೆಂಬಂತೆ ಬಣ್ಣ ಬಣ್ಣದ ಬಳೆ ಜೋಡಿಸುತ್ತಿದ್ದಳು.

ಅಮ್ಮ ಸೆರಗು ಸರಿಮಾಡಿಕೊಂಡಳು. ಉಸಿರು ಎಳೆದುಕೊಂಡು ನಿಧಾನಕ್ಕೆ ಹೇಳಿದಳು.

"ಅಕಿ ನನ್ನ ಮಗಳ್ರಿ. ಹುಮನಾಬಾದದಾಗ ಇರಾಕತ್ತೇವ್ರಿ ನಾವು. ಗಿರಣಿ ಇಂಜಿನ್ ನಡಸ್ತಾರಲ್ರಿ, ಅವರ ಮನಿಯವರು. ಮುಂಜಾನಿಂದ ಅಕಿ ಏನೂ ಉಂಡಿಲ್ರಿ, ಬಿಡ್ರಿ."

ನಾನು ಅಮ್ಮನನ್ನೇ ನೋಡಿದೆ. ಉಂಡಿಲ್ಲ ಎಂಬುದು ಸುಳ್ಳು, ಆದರೆ ಮಾತು ಒಂದೂ ತಪ್ಪಿರಲಿಲ್ಲ. ತಂಗಿ ತಲೆಯೆತ್ತಿ, ಅಮ್ಮನ ಬಾಯಲ್ಲಿ ಆ ಮಾತು ಕೇಳಿ ಕಿಲಕಿಲ ನಕ್ಕಳು. ಅಮ್ಮಾ ಎನ್ನುತ್ತ ಎದ್ದು ಬಂದು ಕೊರಳಿಗೆ ಜೋತುಬಿದ್ದಳು. ಬಳೆಗಾರನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ತಪ್ಪು ತಿಳಿಯಬಾರದು, ಹೆಣ್ಣು ಕೂಸು ನೋಡ್ರಿ ಎಂದು ಕೈಮುಗಿದ. ಅಮ್ಮ, ಇಷ್ಟು ಜೋಪಾನ ಮಾಡಿದ್ದಕ್ಕೆ ನಾನೇ ಕೈಮುಗಿಯಬೇಕು ಎಂದು ಅಲ್ಲೇ ಕೂತು ಅಳತೊಡಗಿದಳು. ಆ ಬುರ್ಖಾದ ಹೆಂಗಸು ಅವಳ ಬೆನ್ನು ಸವರಿದಳು. ಆಮೇಲೆ ಅಮ್ಮನಿಗೂ ಹಸಿರು ಬಳೆ ತೊಡಿಸಿದರು. ಕೈ ಸಡಿಲ ಬಿಡುವಂತೆ ತಂಗಿ ಅವಳಿಗೂ ಅಪ್ಪಣೆ ಮಾಡಿದಳು.

ಸಂಜೆ ಗಿರಣಿಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆವು. ಅವರು ನಂಬದೆ ತಂಗಿಯ ಗಲ್ಲ ಹಿಡಿದು, ನಿನ್ನ ಊರು ಯಾವುದು ಎಂದು ಕೇಳಿದರು. ಅವಳು ಹುಮನಾಬಾದು ಎಂದಳು. ಅಮ್ಮ ತಿದ್ದಲಿಲ್ಲ.

ಮರುದಿನ ವಾಪಸು ಬರುವಾಗ ತಂಗಿ ಗಾಡಿಯವನ ಪಕ್ಕ ಕೂತು ಎತ್ತುಗಳ ಹೆಸರು, ಅವುಗಳ ಅಪ್ಪನ ಹೆಸರು, ಅವು ರಾತ್ರಿ ಏನು ತಿನ್ನುತ್ತವೆ ಎಂದು ಕೇಳುತ್ತ ಅವನ ತಲೆ ತಿಂದಳು. ನಾನೀಮಾ ಸುದ್ದಿ ಕೇಳಿ ಮೊದಲು ಸಂತೋಷಪಟ್ಟು, ಆಮೇಲೆ ತನ್ನ ಜೊತೆ ಒಂದು ಮಾತೂ ಆಡದವಳು ಪರ ಊರಿಗೆ ಹೋಗಿ ಆಡಿದಳಲ್ಲ ಎಂದು ಮುನಿಸಿಕೊಂಡಳು. ಆ ಮುನಿಸು ಸಂಜೆತನಕವೂ ಉಳಿಯಲಿಲ್ಲ. ಅಂದಿನಿಂದ ಅಮ್ಮನೂ ಮಧ್ಯಾಹ್ನ ಕೆಲಸ ಮುಗಿಸಿ ಆ ಜಗಲಿಗೆ ಹೋಗಿ ಕೂರತೊಡಗಿದಳು. ನಾವು ಎರಡನೆಯ ಮಹಾಯುದ್ಧ ಮುಗಿಯುವ ತನಕ ಅಲ್ಲೇ ಇದ್ದೆವು. ನನಗೆ ಇಬ್ಬರು ತಮ್ಮಂದಿರು ಹುಟ್ಟಿದ್ದು ಆ ಮಾಳಿಗೆ ಮನೆಯಲ್ಲೇ.