ಸೂಜಿ ಚುಚ್ಚುವ ನೊರೀನ್

ಆಸ್ಟ್ರೇಲಿಯಾದ ಟೂವೂಂಬಾ ಊರಿನ ಬೆನ್ನುಹುರಿ ಸಂಶೋಧನಾ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ನೊರೀನ್ ಹ್ಯಾಸೆಟ್‌ಳದು ಒಂದೇ ಕೆಲಸ. ಮೈಯ ಕೆಳಭಾಗದ ಸ್ಪರ್ಶ ಕಳೆದುಕೊಂಡವರ ಕಣ್ಣಿಗೆ ಬಟ್ಟೆ ಕಟ್ಟಿ, ಪಿನ್ನಿನ ಚೂಪು ತುದಿಯನ್ನೋ ಮೊಂಡು ತುದಿಯನ್ನೋ ಚರ್ಮಕ್ಕೆ ತಾಗಿಸಿ, “ಯಾವುದು?” ಎಂದು ಕೇಳುವುದು. ಯಾರಿಗೆ ಹೊಸ ಔಷಧ, ಯಾರಿಗೆ ಬರಿಯ ಉಪ್ಪುನೀರು ಕೊಟ್ಟಿದ್ದಾರೆಂದು ಅವಳಿಗೂ ಹೇಳುತ್ತಿರಲಿಲ್ಲ. ಯಾರನ್ನೂ ನಂಬದಿರುವುದು ಅವಳ ಉದ್ಯೋಗದ ಭಾಗವೇ ಆಗಿತ್ತು.

ಆ ಸೋಮವಾರ ಡೆಸ್ ಕಾರ್ಮೊಡಿ ಹತ್ತಕ್ಕೆ ಹತ್ತೂ ಸರಿ ಹೇಳಿದ. ಇಪ್ಪತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದವನು. ಲಾರಿಯಿಂದ ಬಿದ್ದು ಗಾಲಿಕುರ್ಚಿ ಸೇರಿದ್ದ. ಹಿಂದಿನ ವಾರ ನೊರೀನ್ ರಜೆಯಲ್ಲಿದ್ದಾಗ, ಬೇರೊಬ್ಬಳು ಚುಚ್ಚಿದರೆ ನಾಲ್ಕೇ ಸರಿ ಹೇಳಿದ್ದ. ಸುಧಾರಣೆ ಕಂಡವರಿಗಷ್ಟೇ ಎರಡನೇ ಹಂತದ ಚಿಕಿತ್ಸೆ. ಉಳಿದವರು ಮನೆಗೆ.

“ಬಟ್ಟೆ ಸಂದಿಯಿಂದ ನೋಡ್ತಿದ್ದೀಯಾ ಡೆಸ್?”

“ನೋಡೋಕೆ ಏನಿದೆ ಅಲ್ಲಿ? ನನ್ನ ಹೊಟ್ಟೆ, ಅದರಾಚೆ ನಿನ್ನ ಸಿಡುಕು ಮೋರೆ.”

ಅವಳು ಇನ್ನೊಂದು ಬಟ್ಟೆ ಕಟ್ಟಿದಳು. ಗೋಡೆಯ ಕನ್ನಡಿ ತೆಗೆದಿಟ್ಟಳು. ಮತ್ತೆ ಹತ್ತಕ್ಕೆ ಹತ್ತು. ಅನುಮಾನ ಬಲವಾಯಿತು. ಹೊರಗೆ ಯಂತ್ರದಲ್ಲಿ ಹುಲ್ಲು ಕತ್ತರಿಸುವವನ ಹತ್ತಿರ ಸದ್ದು ತಡೆಯುವ ಕಿವಿಮುಚ್ಚುಗ ಕೇಳಿ ತಂದು ಡೆಸ್‌ನ ಕಿವಿಗೆ ಹಾಕಿದಳು. ಅವಳು ಭುಜ ತಟ್ಟಿದಾಗ ಉತ್ತರ ಹೇಳಬೇಕೆಂದು ಮೊದಲೇ ಮಾತಾಗಿತ್ತು.

ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಅವಳು ಕಿವಿಮುಚ್ಚುಗ ತೆಗೆದು ಕೈಕಟ್ಟಿ ನಿಂತಳು. “ಈಗ ಹೇಳು.”

“ಚೂಪು ತುದಿ ಚುಚ್ಚೋ ಮುಂಚೆ ನೀನು ಉಸಿರು ಹಿಡೀತೀಯ,” ಎಂದ ಡೆಸ್. “ಒದೆಯೋ ಮುಂಚೆ ಕುರಿನೂ ಹಾಗೇ ಮಾಡುತ್ತೆ. ಅದನ್ನ ಕೇಳಿಸಿಕೊಳ್ಳದೇ ಹೋಗಿದ್ರೆ ನನ್ನ ಹಲ್ಲು ಉಳೀತಿರಲಿಲ್ಲ.”

“ಎಷ್ಟು ದಿನದಿಂದ?”

“ಮೊದಲನೇ ದಿನದಿಂದ. ಹೇಳಿದ್ರೆ ಮನೆಗೆ ಕಳಿಸ್ತಿದ್ರಿ.”

“ಈಗಲೂ ಕಳಿಸ್ತಾರೆ.”

“ಗೊತ್ತು. ಆ ಐದನ್ನೇ ಬರೀತೀಯಾ?”

“ಬರೀತೀನಿ.”

ಡೆಸ್ ಕಣ್ಣಿನ ಬಟ್ಟೆ ಎರಡನ್ನೂ ಬಿಚ್ಚಿಟ್ಟ. ಆಮೇಲೆ, “ನನಗೆ ನೋವಾಗುತ್ತೇನೋ ಅಂತ ತಾನೇ ಉಸಿರು ಹಿಡಿದಿದ್ದು? ನೋವಾಗಿದ್ರೆ ಚೆನ್ನಾಗಿರ್ತಿತ್ತು,” ಎಂದು ತಾನೇ ಕುರ್ಚಿ ತಿರುಗಿಸಿಕೊಂಡು ಹೋದ.

ನೊರೀನ್ ಐದು ಎಂದು ಬರೆದಳು. ಕೆಳಗೆ, ಹಿಂದಿನ ಅಂಕಗಳು ರದ್ದು, ತಪ್ಪು ಪರೀಕ್ಷಕಿಯದು ಎಂದು ಸೇರಿಸಿದಳು. ಅಷ್ಟಕ್ಕೆ ಮುಗಿಯಲಿಲ್ಲ. ಅವಳ ಕೈಯಲ್ಲಿ ಸುಧಾರಿಸಿದವರು ಇನ್ನೂ ಹನ್ನೊಂದು ಜನ. ಅವರಲ್ಲಿ ಎಷ್ಟು ಜನ ಅವಳ ಉಸಿರು ಕೇಳಿಸಿಕೊಂಡೇ ಹೇಳಿದ್ದರೋ. ಬೀರು ತೆರೆದು ಹನ್ನೊಂದೂ ಕಡತ ಹೊರಗೆ ತೆಗೆದಿಟ್ಟು, ಅವಳು ಮುಖ್ಯಸ್ಥರಿಗೆ ಫೋನು ಮಾಡಿದಳು.