ಟೋನಿಗೆ ಕೊಟ್ಟ ರವೆ ಉಂಡೆ

ನನ್ನ ಮೊಮ್ಮಗಳು ಗೋಲು ಹೊಡೆದಳು!

ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಹೋದ ವರ್ಷವೆಲ್ಲ ಬೆಂಚಿನ ಮೇಲೆ ಕೂತು ಬೇರೆಯವರ ನೀರಿನ ಬಾಟಲಿ ಕಾಯ್ದ ನಮ್ಮ ನಿಧಿ, ಕಳೆದ ಶನಿವಾರ ತನ್ನ ಕಾಲೇಜಿನ ಟೀಮನ್ನು ಗೆಲ್ಲಿಸಿದಳು. ನಾನು ಸೀರೆ ಎತ್ತಿ ಹಿಡಿದು ಗೆರೆ ದಾಟಿ ಮೈದಾನದೊಳಕ್ಕೇ ಓಡಿದೆ. ರೆಫರಿ ವಿಷಲ್ ಊದಿ ನನ್ನನ್ನು ಆಚೆ ಕಳಿಸಿದ. (ಊದಲಿ ಬಿಡಿ. ಅವನಿಗೂ ಒಬ್ಬ ಅಜ್ಜಿ ಇರುತ್ತಾಳೆ.)

ಕಾಲೇಜು ಎಂದರೆ ಡಿಗ್ರಿ ಕಾಲೇಜಲ್ಲ. ಇಲ್ಲಿ ಎಷ್ಟೋ ಹೈಸ್ಕೂಲುಗಳಿಗೂ ಕಾಲೇಜು ಎಂದೇ ಬೋರ್ಡು. ಏಳನೇ ಕ್ಲಾಸಿಗೇ ಓದು ನಿಂತ ನನಗಂತೂ ಅದರ ಗೇಟಿನೊಳಗೆ ಕಾಲಿಟ್ಟರೇ ಸಂಭ್ರಮ. ಹಾಗೇ ಈ ಪತ್ರಿಕೆಯ ಮೆಲ್ಬರ್ನ್ ಓದುಗರು ಗೊಂದಲ ಮಾಡಿಕೊಳ್ಳಬೇಡಿ. ನಿಮ್ಮೂರಲ್ಲಿ ಫುಟ್‌ಬಾಲ್ ಎಂದರೆ ಉದ್ದನೆಯ ಚೆಂಡು, ಕೈಯಲ್ಲೂ ಹಿಡಿಯುತ್ತಾರೆ. ನಾನು ಹೇಳುತ್ತಿರುವುದು ದುಂಡನೆಯ ಚೆಂಡಿನ ಆಟ.

ಗೆದ್ದ ಮೇಲೆ ಸಿಹಿ ಹಂಚದೆ ಇರಲು ಆಗುತ್ತದೆಯೇ? ರವೆ ಉಂಡೆಯ ಡಬ್ಬಿ ಜೊತೆಗೇ ಇತ್ತು. (ಸೋತಿದ್ದರೆ ಸಮಾಧಾನಕ್ಕೆ ಕೊಡುತ್ತಿದ್ದೆ. ಈ ಸೀಸನ್ನಿನಲ್ಲಿ ಹಾಗೆ ಕೊಟ್ಟೂ ಕೊಟ್ಟೂ ಅಭ್ಯಾಸವಾಗಿತ್ತು.) ಮೊದಲ ಉಂಡೆ ಕೋಚ್ ಟೋನಿಗೆ. ಈ ವರ್ಷ ಬಂದವನೇ ನಿಧಿಯನ್ನು ಬೆಂಚಿನಿಂದ ಎಬ್ಬಿಸಿದ ಪುಣ್ಯಾತ್ಮ.

"ಕಂಗ್ರಾಜುಲೇಷನ್ಸ್ ಟೋನಿ! ನೆಕ್ಸ್ಟ್ ಇಯರ್, ಕಪ್!" ಎಂದೆ.

ಸುತ್ತ ನಿಂತಿದ್ದ ಅಪ್ಪ ಅಮ್ಮಂದಿರೆಲ್ಲ ತಮ್ಮ ತಮ್ಮ ಶೂ ನೋಡಿಕೊಂಡರು. ಒಬ್ಬರು ಕಾರಿನ ಕೀ ಹುಡುಕತೊಡಗಿದರು. ನನ್ನ ಮಗ ರವಿ ಆಕಾಶ ನೋಡಿದ. ಟೋನಿ ಮಾತ್ರ ಉಂಡೆಯನ್ನು ನಿಧಾನವಾಗಿ, ಪೂರ್ತಿ ತಿಂದ. "ಲವ್ಲಿ" ಎಂದ. ಕಣ್ಣು ಒದ್ದೆಯಾಗಿತ್ತು. ಗೆದ್ದ ಖುಷಿಗೆ ಎಂದುಕೊಂಡೆ. ನಾನೂ ಇನ್ನಷ್ಟು ಉಕ್ಕಿ, "ಈವ್ನಿಂಗ್ ಅವರ್ ಹೋಮ್, ಡಿನ್ನರ್, ಕಮ್!" ಎಂದುಬಿಟ್ಟೆ.

ನಮ್ಮವರಾಗಿದ್ದರೆ "ಅಯ್ಯೋ, ಇನ್ನೊಂದು ದಿನ ಬರ್ತೀವಿ ಬಿಡಿ" ಅನ್ನುತ್ತಿದ್ದರು. ಇಲ್ಲಿಯವರು ಹಾಗಲ್ಲ. "ವಾಟ್ ಟೈಮ್?" ಎಂದು ಕೇಳಿದ.

ಟೂಂಗಾಬಿ ಬಡಾವಣೆಯ ನಮ್ಮ ಮನೆಗೆ ವಾಪಸು ಹೊರಟಾಗ ಕಾರಿನಲ್ಲಿ ರವಿ ಬಾಯಿಬಿಟ್ಟ.

"ಅಮ್ಮ, ಯಾಕೆ ಕರೆದೆ ಅವನ್ನ? ಅವನ್ನ ತೆಗೆದಾಯ್ತು. ಪೇರೆಂಟ್ಸ್ ಕಮಿಟೀಲಿ ಡಿಸೈಡ್ ಆಗಿ, ನಿನ್ನೆ ಅವನಿಗೆ ಹೇಳಿದ್ರು. ಇವತ್ತಿಂದೇ ಲಾಸ್ಟ್ ಮ್ಯಾಚ್."

"ಗೆದ್ದನಲ್ಲೋ!"

"ಇದೊಂದೇ. ಮಿಕ್ಕಿದ್ದೆಲ್ಲ ಸೋಲು. ರೆಕಾರ್ಡ್ ನೋಡ್ಬೇಕಲ್ವಾ? ಎಲ್ಲರ್ನೂ ಆಡಿಸ್ತಾನೆ ಅಮ್ಮ, ಆಡೋಕೆ ಬರದೇ ಇರೋರ್ನೂ. ಹಂಗಾದ್ರೆ ಎಲ್ಲಿಂದ ಗೆಲ್ತಾರೆ?"

ಹಿಂದಿನ ಸೀಟಿನಲ್ಲಿ ನಿಧಿ ಕೂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ ಎಂಬುದನ್ನು ಅವಳಪ್ಪ ಆಗಾಗ ಮರೆಯುತ್ತಾನೆ.

"ಡ್ಯಾಡ್, ಡಿಡ್ ಯೂ ವೋಟ್ ಫಾರ್ ದಟ್?"

ರವಿ ಇಂಡಿಕೇಟರ್ ಹಾಕಿದ. ಇನ್ನೇನು ಉತ್ತರ ಬೇಕು?

ನನ್ನ ಮಗ ಕೆಟ್ಟವನಲ್ಲ. ಟೀಮು ಗೆದ್ದರೆ ಮಕ್ಕಳಿಗೆ ಮುಂದೆ ಅನುಕೂಲ ಎಂದು ಅವನ ಲೆಕ್ಕ. ಆದರೆ ನನಗೊಂದು ಅರ್ಥವಾಗುವುದಿಲ್ಲ. ನಮ್ಮ ಮಕ್ಕಳು ವಾರವೆಲ್ಲ ಆಫೀಸಿನಲ್ಲಿ ರಿವ್ಯೂಗೆ ಹೆದರಿ ಬದುಕುತ್ತಾರೆ. ವೀಕೆಂಡಿನಲ್ಲಿ ಕೈಗೆ ಯಾರಾದರೂ ಸಿಕ್ಕರೆ ಅವನ ರಿವ್ಯೂ ಮಾಡಿ ಬರುತ್ತಾರೆ. ಶುಕ್ರವಾರ ಬಂದರೆ ಹೊಟ್ಟೆನೋವು ಎನ್ನುತ್ತಿದ್ದ ನಿಧಿ, ಈಗ ಶನಿವಾರ ಬೆಳಗ್ಗೆ ತಾನೇ ಎದ್ದು ಬೂಟಿನ ಲೇಸು ಕಟ್ಟಿಕೊಳ್ಳುತ್ತಾಳೆ. ಇದನ್ನು ಯಾವ ರೆಕಾರ್ಡಿನಲ್ಲಿ ಬರೆಯುತ್ತಾರೆ?

ಅಡುಗೆಮನೆಯಲ್ಲಿ ರವಿಯನ್ನು ಕೇಳಿಯೇಬಿಟ್ಟೆ.

"ಹೋದ ವರ್ಷ ಪ್ಯಾರಮಟ್ಟಾ ಆಫೀಸಿನೋರು ನಿನ್ನ ತೆಗೆದಾಗ ಏನಂದೆ? ನಾನು ಮಾಡಿದ ಕೆಲಸ ಯಾರೂ ನೋಡ್ಲೇ ಇಲ್ಲಮ್ಮ ಅಂತ ಇಲ್ಲೇ ನಿಂತು ಅಂದ್ಯಲ್ಲ?"

"ಅದು ಬೇರೆ ಅಮ್ಮ."

"ಏನು ಬೇರೆ?"

"ಈರುಳ್ಳಿ ಕೊಡು, ಹೆಚ್ಚಿಕೊಡ್ತೀನಿ."

ಸಂಜೆ ನಾನು ಹೇಳಿದ ಹೊತ್ತಿಗೆ ಸರಿಯಾಗಿ, ಟೋನಿ ಹೂ ಹಿಡಿದುಕೊಂಡು ಬಂದ. ಮ್ಯಾಚ್ ನೋಡಲೆಂದೇ ಮೆಲ್ಬರ್ನಿನಿಂದ ಬಂದಿದ್ದ ಮಗಳು ಸುಧಾ ಬಾಗಿಲು ತೆಗೆದು, ತಮ್ಮನ ಕಡೆ ತಿರುಗಿ ಕನ್ನಡದಲ್ಲೇ ಚುಚ್ಚಿದಳು: "ನಮ್ಮಲ್ಲಿ ಕೋಚನ್ನ ತೆಗೆದ್ರೆ ಊರೆಲ್ಲ ಜಗಳ ಆಡ್ತಾರೆ ಕಣೋ. ನೀವು ಪರವಾಗಿಲ್ಲ, ಸದ್ದಿಲ್ದೆ ಮುಗಿಸ್ತೀರ."

ಕಮಿಟಿಯಲ್ಲಿ ಯಾರ್ಯಾರು ಕೂತಿದ್ದರೆಂದು ಟೋನಿಗೆ ಗೊತ್ತಿತ್ತು. ಆದರೂ ರವಿಯ ಎದುರಿಗೇ ಕೂತ. ಮುಂದೇನು ಎಂದು ಸೊಸೆ ಕೇಳಿದಳು. ಇನ್ನೂ ಏನೂ ಇಲ್ಲ, ತೆಗೆದುಹಾಕಿದ ಕೋಚನ್ನು ಬೇರೆ ಕಾಲೇಜಿನವರು ಬೇಗ ಕರೆಯುವುದಿಲ್ಲ ಎಂದ. ಇಲ್ಲೇ ನಮ್ಮೂರಿನ ಲಿವರ್‌ಪೂಲ್ ಬಡಾವಣೆಯಲ್ಲಿ ಒಂದೆರಡು ಕಡೆ ವಿಚಾರಿಸಬೇಕಂತೆ. ದೂರು ಹೇಳುವ ದನಿಯಲ್ಲ, ಬಸ್ಸು ತಪ್ಪಿಹೋಯಿತು ಅನ್ನುವಷ್ಟೇ.

ಆಮೇಲೆ ರವಿಗೆ ಹೇಳಿದ: ನಿಧಿಗೆ ಎಡಗಾಲು ಜೋರು, ಅವಳನ್ನು ಎಡಗಡೆಯೇ ಆಡಿಸಬೇಕು. ತಪ್ಪು ಮಾಡಿದಾಗ ಕೂಗಬಾರದು, ಕೂಗಿದರೆ ಚೆಂಡಿನ ಹತ್ತಿರವೇ ಹೋಗುವುದಿಲ್ಲ. ಹೊಸ ಕೋಚ್‌ಗೆ ಗೊತ್ತಿರುವುದಿಲ್ಲ, ದಯವಿಟ್ಟು ತಿಳಿಸಿ.

ರವಿ "ಶೂರ್" ಎಂದ. ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತ್ತು. ನಿಧಿ ತನ್ನ ತಟ್ಟೆಯ ಹಪ್ಪಳವನ್ನು ಎತ್ತಿ ಟೋನಿಯ ತಟ್ಟೆಗೆ ಇಟ್ಟಳು.

ಮಗ, ಸೊಸೆ, ಮಗಳು, ಮೊಮ್ಮಗಳು, ನಾನು, ಟೋನಿ, ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ತಲೆ ತಗ್ಗಿಸಿ ಉಂಡೆವು. ಗೆದ್ದ ಮನೆಯ ಊಟ ಇಷ್ಟು ಮೌನವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ರೆಕಾರ್ಡ್ ನೋಡಿಯೇ ಮನುಷ್ಯರನ್ನು ಇಟ್ಟುಕೊಳ್ಳುವುದಾದರೆ, ನೀವೇ ಹೇಳಿ, ಆ ಮೇಜಿನ ಸುತ್ತ ನಮ್ಮಲ್ಲಿ ಎಷ್ಟು ಜನರಿಗೆ ಕುರ್ಚಿ ಸಿಗುತ್ತಿತ್ತು?