ಸಂಪಾದಕರ ಪುಟದಲ್ಲಿ ಒಂದೂರು

ಮಂಡ್ಯದ ಕಬ್ಬಿನ ಫಾರಂನಲ್ಲಿ ನಾನು ಟೈಪಿಸ್ಟು, ಪಕ್ಕದ ಮೇಜಿನವರು ಮಣ್ಣು ಪರೀಕ್ಷೆ ಮಾಡುವವರು. ವಿಲಾಯಿತಿಯಿಂದ ಕೃಷಿವಿಜ್ಞಾನದ ಪತ್ರಿಕೆ ಬಂದರೆ ಲೇಖನಗಳನ್ನು ಬಿಟ್ಟು ಮೊದಲು ಸಂಪಾದಕ ಮಂಡಳಿಯ ಪುಟ ತೆಗೆಯುತ್ತಿದ್ದರು. ಹೆಸರುಗಳ ಪಕ್ಕದಲ್ಲಿದ್ದ ಊರುಗಳ ಮೇಲೆ ಬೆರಳಾಡಿಸಿ, "ನಮ್ಮ ಕಡೆಯೋರು ಒಬ್ರೂ ಇಲ್ಲ ಕಣಪ್ಪ" ಅನ್ನುತ್ತಿದ್ದರು.

ಕೆರೆಯ ಗೋಡುಮಣ್ಣನ್ನು ಗೊಬ್ಬರವಾಗಿ ಹೊಡೆದ ಗದ್ದೆಯಲ್ಲಿ ಕಬ್ಬು ಹೇಗೆ ಬರುತ್ತದೆಂದು ಅವರು ಬರೆದದ್ದನ್ನು ನಾನೇ ಟೈಪು ಮಾಡಿ ಆ ಪತ್ರಿಕೆಗೆ ಕಳಿಸಿದ್ದೆ. ಯುದ್ಧದ ಕಾಲ, ಎಷ್ಟೋ ತಿಂಗಳಾದ ಮೇಲೆ ಅದು ವಾಪಸು ಬಂತು. ಬತ್ತಿದ ಕೆರೆಯ ತಳದ ಮಣ್ಣನ್ನು ಯಾರಾದರೂ ಗದ್ದೆಗೆ ಯಾಕೆ ಹೊರುತ್ತಾರೆ ಎಂದು ಸಂಪಾದಕರು ಕೇಳಿದ್ದರು.

ಅವರು ಸಿಟ್ಟಾಗಲಿಲ್ಲ. ಚಿಕ್ಕರಸಿನಕೆರೆಯಿಂದ ಗೋಡು ತರಿಸಿ, ಒಣಗಿಸಿ, ಬಿಸ್ಕತ್ತಿನ ಡಬ್ಬಿಗೆ ತುಂಬಿ ಅಂಚೆಗೆ ಹಾಕಿದರು. "ಕೆರೆ ಕಾಣದೋರು ಏನ್ ಮಾಡಾರು, ಮುಟ್ಟಿ ನೋಡ್ಲಿ ಬುಡು" ಅಂದರು.

ಉತ್ತರ ಬರಲೇ ಇಲ್ಲ. ಮರುವರ್ಷ ಅವರು ತೀರಿಕೊಂಡರು.

ಬಹಳ ಕಾಲದ ಮೇಲೆ ಅದೇ ಪುಟದಲ್ಲಿ ನಮ್ಮ ದೇಶದ ಊರೊಂದು ಕಂಡಿತು. ಬೆರಳಿಟ್ಟುಕೊಂಡೇ, "ಸ್ವಾಮಿ, ಒಬ್ರು ಬಂದವ್ರೆ" ಎಂದು ಪಕ್ಕದ ಮೇಜಿನತ್ತ ತಿರುಗಿದೆ. ಅಲ್ಲಿ ಬೇರೆ ಯಾರೋ ಕೂತಿದ್ದರು.